ಪ್ರವಾಹ ಕಾಲದಲ್ಲಿ ಇಲಾಖೆಗಳ ನಡುವಿನ ಮಾಹಿತಿ ವಿನಿಮಯ: ಕೃಷ್ಣಾ ಕಣಿವೆಯ ನಾಗರಿಕರಿಗೆ ತಿಳಿವಳಿಕೆ

ಕೃಷ್ಣಾ ನದಿಯು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಉಗಮಿಸಿ, ಸಾತಾರಾ, ಸಾಂಗ್ಲಿ ಮತ್ತು ಕೊಲ್ಹಾಪುರ ಜಿಲ್ಲೆಗಳ ಮೂಲಕ ಹರಿದು ಬೆಳಗಾವಿ ಜಿಲ್ಲೆಯಲ್ಲಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ತಾಲ್ಲೂಕುಗಳ ನದಿ ತೀರದಲ್ಲಿ ಬಿಸಿಲಿದ್ದ ದಿನವೂ ಪ್ರವಾಹ ಬರುವುದುಂಟು. ಮಳೆ ಬಿದ್ದಿರುವುದು ಸಹ್ಯಾದ್ರಿಯ ಮೇಲೆ. ಆದುದರಿಂದ ಇಲ್ಲಿಯ ಜನ ಮತ್ತು ಜಾನುವಾರುಗಳ ಸುರಕ್ಷತೆಯು, ನೆರೆ ರಾಜ್ಯದಲ್ಲಿ ಅಳೆಯಲಾದ ಒಂದು ಸಂಖ್ಯೆಯು ನೀರಿಗಿಂತ ಮೊದಲು ಗ್ರಾಮವನ್ನು ತಲುಪುತ್ತದೆಯೇ ಎಂಬುದನ್ನು ಅವಲಂಬಿಸಿದೆ. ನೀರು ಇಳಿದ ನಂತರ ಮಾಹಿತಿಯ ದಿಕ್ಕು ಬದಲಾಗುತ್ತದೆ. ಹೊಲದ ಬದುವಿನಲ್ಲಿ ಬರೆದುಕೊಂಡ ವಿವರವು ತಪ್ಪಿಲ್ಲದೆ ಖಜಾನೆಯವರೆಗೆ ಹೋಗಬೇಕಾಗುತ್ತದೆ. ಈ ಎರಡೂ ಹಾದಿಗಳಲ್ಲಿ ಯಾವ ಇಲಾಖೆ ಏನು ಮಾಡುತ್ತದೆ ಮತ್ತು ಸಾರ್ವಜನಿಕರು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಾಹಿತಿಯ ಮೂಲಗಳು

ಮಳೆಯ ಮುನ್ಸೂಚನೆಯನ್ನು ಭಾರತ ಹವಾಮಾನ ಇಲಾಖೆಯು ಹಸಿರು, ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ನೀಡುತ್ತದೆ. ಒಂದು ದಿನದಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ ಭಾರಿ ಮಳೆಯೆಂದೂ, 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆಯೆಂದೂ, ಅದನ್ನು ಮೀರಿದರೆ ಅತ್ಯಧಿಕ ಭಾರಿ ಮಳೆಯೆಂದೂ ವರ್ಗೀಕರಿಸಲಾಗುತ್ತದೆ. ಇಲ್ಲಿ ದಿನವೆಂದರೆ ಹಿಂದಿನ ಬೆಳಿಗ್ಗೆ 8.30ರಿಂದ ಅಂದಿನ ಬೆಳಿಗ್ಗೆ 8.30ರವರೆಗಿನ ಅವಧಿ. ಮಂಗಳವಾರದ ಪತ್ರಕದಲ್ಲಿರುವ ಮಳೆಯ ಬಹುಭಾಗವು ಸೋಮವಾರ ಬಿದ್ದದ್ದಾಗಿರುತ್ತದೆ.

ರಾಜ್ಯದೊಳಗಿನ ಮಳೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗಮನಿಸುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡ ಈ ಸಂಸ್ಥೆಯು 2007ರಲ್ಲಿ ಇಂದಿನ ಹೆಸರು ಪಡೆಯಿತು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಳವಡಿಸಿರುವ ಇದರ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಗಳಿಗೊಮ್ಮೆ ಅಂಕಿಅಂಶ ಕಳುಹಿಸುತ್ತವೆ. ಇಂತಹ ಜಾಲದ ಅಗತ್ಯವನ್ನು 2009ರ ಪ್ರವಾಹವು ಚೆನ್ನಾಗಿ ತೋರಿಸಿಕೊಟ್ಟಿತು. ಆ ವರ್ಷ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಮಳೆ ಸುರಿದದ್ದು ಘಟ್ಟದ ಮೇಲಲ್ಲ, ಉತ್ತರ ಕರ್ನಾಟಕದ ಬಯಲು ಸೀಮೆಯ ಮೇಲೆ. 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನೆನೆದ ಮಣ್ಣಿನ ಮನೆಗಳ ಗೋಡೆ ಕುಸಿದು ಸತ್ತವರು ಅವರಲ್ಲಿ ಅನೇಕರು. ಜಲಾಶಯದ ಹೊರಹರಿವಿನ ಸಂಖ್ಯೆ ಎಷ್ಟೇ ಬೇಗ ದೊರೆತಿದ್ದರೂ ಆ ಮನೆಗಳಲ್ಲಿ ಮಲಗಿದ್ದವರಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ಅವರದೇ ಊರಿನ ಮಳೆಯ ಲೆಕ್ಕ.

ನದಿಯ ಮಟ್ಟ ಹಾಗೂ ಜಲಾಶಯಗಳ ಒಳಹರಿವಿನ ಮುನ್ಸೂಚನೆಯನ್ನು ಕೇಂದ್ರ ಜಲ ಆಯೋಗ ಪ್ರಕಟಿಸುತ್ತದೆ. ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳು ಕೃಷ್ಣಾ ಭಾಗ್ಯ ಜಲ ನಿಗಮದ ಅಧೀನದಲ್ಲಿವೆ. ಘಟಪ್ರಭಾ ನದಿಯ ಹಿಡಕಲ್ ಹಾಗೂ ಮಲಪ್ರಭಾ ನದಿಯ ನವಿಲುತೀರ್ಥ ಜಲಾಶಯಗಳನ್ನು ಕರ್ನಾಟಕ ನೀರಾವರಿ ನಿಗಮ ನಿರ್ವಹಿಸುತ್ತದೆ. ಕೊಯ್ನಾ ಮೊದಲಾದ ಮೇಲ್ಭಾಗದ ಜಲಾಶಯಗಳು ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆಗೆ ಸೇರಿವೆ. ಹೀಗೆ ಒಂದೇ ಕಣಿವೆಯ ನೀರನ್ನು ಎರಡು ರಾಜ್ಯಗಳ ಹಾಗೂ ಕೇಂದ್ರದ ಹಲವು ಸಂಸ್ಥೆಗಳು ಬೇರೆ ಬೇರೆಯಾಗಿ ಅಳೆಯುತ್ತವೆ.

ಒಂದೇ ನೀರು, ಹಲವು ಅಳತೆ

ಸಂಸ್ಥೆಗಳ ನಡುವೆ ಮಾಹಿತಿ ಹರಿದು ಬಂದರೂ ಅದರ ಅರ್ಥ ದಾರಿಯಲ್ಲಿ ಕಳೆದುಹೋಗುವ ಸಂಭವವಿದೆ. ಕೊಲ್ಹಾಪುರದಲ್ಲಿ ಪಂಚಗಂಗಾ ನದಿಯನ್ನು ರಾಜಾರಾಮ ಬಂಧಾರದ ಬಳಿ ಅಡಿಗಳಲ್ಲಿ ಅಳೆಯುತ್ತಾರೆ: 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಸಾಂಗ್ಲಿಯ ಅರ್ವಿನ್ ಸೇತುವೆಯ ಬಳಿ ಕೃಷ್ಣೆಗೆ ಇವೇ ಮಟ್ಟಗಳು 40 ಮತ್ತು 45 ಅಡಿ. ಪಂಚಗಂಗಾ ನದಿಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿದ ಮೇಲೆ, ಗಡಿಯ ರಾಜಾಪುರ ಬ್ಯಾರೇಜ್‌ನಲ್ಲಿ ಅದೇ ನೀರು ಕ್ಯೂಸೆಕ್ ಲೆಕ್ಕಕ್ಕೆ ಬರುತ್ತದೆ. ಆಲಮಟ್ಟಿಯಲ್ಲಿ ಜಲಾಶಯದ ಮಟ್ಟವನ್ನು ಸಮುದ್ರಮಟ್ಟದಿಂದ ಮೀಟರ್‌ಗಳಲ್ಲಿಯೂ (ಗರಿಷ್ಠ 519.60 ಮೀಟರ್) ಸಂಗ್ರಹವನ್ನು ಟಿ.ಎಂ.ಸಿ.ಗಳಲ್ಲಿಯೂ ಹೇಳಲಾಗುತ್ತದೆ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಬಿಡಲಾಗಿತ್ತು. 5 ಲಕ್ಷ ಕ್ಯೂಸೆಕ್ ಎಂದರೆ ದಿನಕ್ಕೆ ಸುಮಾರು 43 ಟಿ.ಎಂ.ಸಿ. ಸುಮಾರು 123 ಟಿ.ಎಂ.ಸಿ. ಸಾಮರ್ಥ್ಯದ ಆ ಜಲಾಶಯವು ಪೂರ್ತಿ ಬರಿದಾಗಿದ್ದರೂ ಇಷ್ಟು ನೀರಿಗೆ ಮೂರು ದಿನದೊಳಗೆ ತುಂಬಿಬಿಡುತ್ತದೆ. ಅಣೆಕಟ್ಟಿನಲ್ಲಿ ಜಾಗವಿದೆ ಎಂಬ ಮಾತಿನ ಮೇಲೆ ಮನೆಯಲ್ಲಿ ಉಳಿಯುವವರು ಈ ಲೆಕ್ಕವನ್ನು ಗಮನಿಸುವುದು ಒಳ್ಳೆಯದು.

ಒಂದೇ ಅಣೆಕಟ್ಟಿನ ಸಂಖ್ಯೆಯನ್ನು ನಂಬಿಕೊಳ್ಳುವುದೂ ಅಪಾಯಕಾರಿ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ ಬ್ಯಾರೇಜ್‌ನಲ್ಲಿ ಹರಿಯುವುದು ರಾಜಾಪುರದಿಂದ ಬಂದ ನೀರು ಮಾತ್ರವಲ್ಲ. ದೂಧಗಂಗಾ ನದಿಯ ನೀರೂ ಅದಕ್ಕೆ ಕೂಡಿರುತ್ತದೆ. ಗೋಕಾಕದ ಸ್ಥಿತಿ ಇನ್ನೂ ತೊಡಕಿನದು. ಹಿಡಕಲ್ ಜಲಾಶಯದಿಂದ ಕೆಳಗೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಘಟಪ್ರಭೆಯನ್ನು ಸೇರುತ್ತವೆ. ಲೋಳಸೂರ ಸೇತುವೆಯ ಬಳಿ ಬರುವ ನೀರು ಈ ಮೂರರ ಮೊತ್ತ. 2019ರಲ್ಲಿ ಗೋಕಾಕ ನಗರಕ್ಕೆ ನೀರು ನುಗ್ಗಿದಾಗ ಹಿಡಕಲ್‌ನ ಹೊರಹರಿವನ್ನಷ್ಟೇ ಕೇಳಿದ್ದವರಿಗೆ ನೈಜ ಚಿತ್ರದ ಒಂದು ಭಾಗ ಮಾತ್ರ ತಿಳಿದಿರುತ್ತಿತ್ತು. ನಿಯಂತ್ರಣ ಕೊಠಡಿಗೆ ಕರೆ ಮಾಡುವ ಸಾರ್ವಜನಿಕರು ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಕೇಳುವುದಕ್ಕಿಂತ, ತಮ್ಮ ಊರಿನ ಸೇತುವೆಯ ಬಳಿ ಎಷ್ಟು ನೀರು, ಎಷ್ಟು ಹೊತ್ತಿಗೆ ನಿರೀಕ್ಷಿಸಲಾಗಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಅಂತರರಾಜ್ಯ ಸಮನ್ವಯ

2005 ಮತ್ತು 2019ರ ಪ್ರವಾಹಗಳ ನಂತರ, ಆಲಮಟ್ಟಿಯ ಹಿನ್ನೀರಿನಿಂದಲೇ ಸಾಂಗ್ಲಿ ಹಾಗೂ ಕೊಲ್ಹಾಪುರ ಮುಳುಗಿದವೆಂಬ ಆಕ್ಷೇಪ ಮಹಾರಾಷ್ಟ್ರದಲ್ಲಿ ಕೇಳಿಬಂದಿತ್ತು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡ್ನೆರೆ ಸಮಿತಿಯು 2020ರಲ್ಲಿ ಸಲ್ಲಿಸಿದ ವರದಿಯಲ್ಲಿ ಇದನ್ನು ಒಪ್ಪಲಿಲ್ಲ. ಆದರೂ ವಿವಾದ ತಣ್ಣಗಾಗಿಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಂದಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಅವರು ಬೆಂಗಳೂರಿಗೆ ಬಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೊಂದಿಗೆ ಮಳೆ ಹಾಗೂ ಜಲಾಶಯಗಳ ಮಾಹಿತಿಯನ್ನು ತಕ್ಷಣವೇ ಹಂಚಿಕೊಳ್ಳುವ ಕುರಿತು ಚರ್ಚಿಸಿದರು. ಮರುತಿಂಗಳೇ ಕೃಷ್ಣಾ ಕಣಿವೆಯಲ್ಲಿ ಮತ್ತೆ ಪ್ರವಾಹ ಬಂದಿತು. ಇಂತಹ ಸಮನ್ವಯವು ವರ್ಷಕ್ಕೊಮ್ಮೆ ನಡೆಯುವ ಸಭೆಯಿಂದ ಮಾತ್ರ ಸಾಧ್ಯವಾಗದು; ಎರಡೂ ಬದಿಯ ಎಂಜಿನಿಯರುಗಳು ಮಳೆಗಾಲದುದ್ದಕ್ಕೂ ಪರಸ್ಪರ ಸಂಪರ್ಕದಲ್ಲಿರಬೇಕಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮದಂತೆ ಪ್ರತಿಯೊಂದು ನಿರ್ದಿಷ್ಟ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ಇರತಕ್ಕದ್ದು.

ಸ್ಥಳಾಂತರದ ನಿರ್ಧಾರ ಯಾರದು

ಕೆಂಪು ಎಚ್ಚರಿಕೆ ಬಂದ ಮಾತ್ರಕ್ಕೆ ಗ್ರಾಮವನ್ನು ತೆರವುಗೊಳಿಸುವ ಆದೇಶವಾಗಿದೆ ಎಂದು ತಿಳಿಯಬಾರದು. ಹವಾಮಾನ ಇಲಾಖೆ, ಜಲ ಆಯೋಗ ಹಾಗೂ ನಿಗಮಗಳು ಮಾಹಿತಿ ನೀಡುತ್ತವೆ, ನಿರ್ಧಾರ ಜಿಲ್ಲಾಡಳಿತದ್ದು. ವಿಪತ್ತು ನಿರ್ವಹಣಾ ಅಧಿನಿಯಮ 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಜಿಲ್ಲೆಯ ಯಾವುದೇ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಗೆ ಅಗತ್ಯ ಕ್ರಮ ಕೈಗೊಳ್ಳುವಂತೆ ಆದೇಶಿಸುವ ಅಧಿಕಾರ ಪ್ರಾಧಿಕಾರಕ್ಕೆ ಕಲಂ 33ರಲ್ಲಿದೆ. ಸೇತುವೆ ಮುಚ್ಚುವುದು ಲೋಕೋಪಯೋಗಿ ಹಾಗೂ ಪೊಲೀಸ್ ಇಲಾಖೆಗಳಿಗೆ ಸಂಬಂಧಿಸಿದ ಕೆಲಸ. ಮುಳುಗಡೆಯಾಗಲಿರುವ ಪರಿವರ್ತಕಗಳ ವಿದ್ಯುತ್ ಕಡಿತಗೊಳಿಸುವುದು ಹೆಸ್ಕಾಂ ಅಥವಾ ಜೆಸ್ಕಾಂನ ಹೊಣೆ. ದೋಣಿ ಮತ್ತು ರಕ್ಷಣಾ ತಂಡಗಳನ್ನು ಅಗ್ನಿಶಾಮಕ ಹಾಗೂ ತುರ್ತು ಸೇವೆಗಳ ಇಲಾಖೆ ಕಳುಹಿಸುತ್ತದೆ. ಅಗತ್ಯವಾದಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ನೆರವು ಕೋರಲಾಗುತ್ತದೆ. ಇವೆಲ್ಲವೂ ಒಂದೇ ಮಾಹಿತಿಯ ಆಧಾರದ ಮೇಲೆ, ಒಂದೇ ಸಮಯದಲ್ಲಿ ನಡೆಯಬೇಕೆಂಬ ಉದ್ದೇಶದಿಂದ ಜಿಲ್ಲಾ ನಿಯಂತ್ರಣ ಕೊಠಡಿ ಕೆಲಸ ಮಾಡುತ್ತದೆ.

ಇದರ ಮಹತ್ವವನ್ನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಜನ ಚೆನ್ನಾಗಿ ಬಲ್ಲರು. ನಾರಾಯಣಪುರದಿಂದ ಹೊರಹರಿವು ಹೆಚ್ಚಿದಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಅನಂತರ ಅತ್ತಲಿಂದ ಇತ್ತ ಬರಲು ದಾರಿಯಿಲ್ಲ. ಗರ್ಭಿಣಿಯರು, ಡಯಾಲಿಸಿಸ್ ಅಗತ್ಯವಿರುವವರು, ಹಾಸಿಗೆ ಹಿಡಿದ ವೃದ್ಧರು ಇರುವ ಕುಟುಂಬಗಳ ವಿವರವು ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ನೀರು ಬಿಡುವ ಸಮಯ ನಿಗಮದವರಿಗೆ ತಿಳಿದಿರುತ್ತದೆ. ಸೇತುವೆ ಮುಳುಗುವ ಮೊದಲು ಈ ಎರಡು ಮಾಹಿತಿಗಳು ತಹಶೀಲ್ದಾರರ ಮೇಜಿನ ಮೇಲೆ ಒಟ್ಟಾಗಬೇಕು. ಅಂತಹ ಕುಟುಂಬದವರು ಮಳೆಗಾಲ ಆರಂಭವಾಗುವ ಮುನ್ನವೇ ಆಶಾ ಕಾರ್ಯಕರ್ತೆಗೂ ಗ್ರಾಮ ಆಡಳಿತ ಅಧಿಕಾರಿಗೂ (ಹಿಂದಿನ ಗ್ರಾಮ ಲೆಕ್ಕಿಗ) ಪ್ರತ್ಯೇಕವಾಗಿ ತಿಳಿಸುವುದು ಸೂಕ್ತ.

ಎಚ್ಚರಿಕೆ ಗ್ರಾಮವನ್ನು ತಲುಪುವ ಬಗೆ

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ವ್ಯವಸ್ಥೆಯ ಮೂಲಕ ಎಚ್ಚರಿಕೆಗಳನ್ನು ಆಯಾ ಪ್ರದೇಶದ ಮೊಬೈಲ್‌ಗಳಿಗೆ ಪ್ರಾದೇಶಿಕ ಭಾಷೆಯಲ್ಲಿ ಕಳುಹಿಸಬಹುದಾಗಿದೆ. ದೊಡ್ಡ ಸದ್ದಿನೊಂದಿಗೆ ಪರದೆಯ ಮೇಲೆ ಮೂಡುವ ಸಂದೇಶದ ಪರೀಕ್ಷೆಯನ್ನು 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ನಡೆಸಲಾಗಿತ್ತು. ಗಾಬರಿಯಾದವರು ಅದನ್ನು ಮರೆತಿರಲಾರರು. ಇಂತಹ ಸಂದೇಶವು ಮೊಬೈಲ್ ಗೋಪುರದ ಮೂಲಕ ಬರುವುದರಿಂದ, ಗಡಿ ಗ್ರಾಮಗಳಲ್ಲಿ ಮೊಬೈಲ್ ನೆರೆ ರಾಜ್ಯದ ಗೋಪುರಕ್ಕೆ ಸಂಪರ್ಕಗೊಂಡಿದ್ದರೆ ಮರಾಠಿ ಸಂದೇಶ ಬರಬಹುದು. ಅದನ್ನು ಕಡೆಗಣಿಸಬಾರದು, ಮೇಲ್ಭಾಗದ ನೀರು ಕೆಳಕ್ಕೇ ಬರುವುದು.

ವಿದ್ಯುತ್ ಹೋಗಿ ಗೋಪುರಗಳು ಸ್ಥಗಿತಗೊಂಡಲ್ಲಿ ಹಳೆಯ ವಿಧಾನಗಳೇ ಆಧಾರ: ಡಂಗುರ, ಪಂಚಾಯತಿಯ ವಾಹನದ ಧ್ವನಿವರ್ಧಕ, ದೇವಸ್ಥಾನ ಹಾಗೂ ಮಸೀದಿಗಳ ಮೈಕು, ಪೊಲೀಸ್ ನಿಸ್ತಂತು. ತೋಟದ ಮನೆಗಳಲ್ಲಿ ವಾಸಿಸುವವರಿಗೆ ಡಂಗುರ ಕೇಳಿಸುವುದಿಲ್ಲ. ಇವರ ಸಂಖ್ಯೆ ಕೃಷ್ಣಾ ತೀರದಲ್ಲಿ ಕಡಿಮೆಯೇನಿಲ್ಲ. ಊರೊಳಗಿನ ಸಂಬಂಧಿಕರೊಬ್ಬರು ತಮಗೆ ಸುದ್ದಿ ಮುಟ್ಟಿಸುವಂತೆ ಇವರು ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಕ್ಷೇಮ.

ವದಂತಿಗಳ ಬಗ್ಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಕೆಳಭಾಗದ ಜಿಲ್ಲೆಗಳಿಗೆ ಎಚ್ಚರಿಕೆ ನೀಡಲಾಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಅಳವಡಿಸಲಾಯಿತು. ಗೇಟು ಹೋಗಿದೆ ಎಂಬ ಸುದ್ದಿಗೂ ಅಣೆಕಟ್ಟು ಒಡೆದಿದೆ ಎಂಬ ಸುದ್ದಿಗೂ ಅಜಗಜಾಂತರವಿದೆ. ಮೊದಲನೆಯದು ನದಿ ತೀರ ಬಿಡಬೇಕಾದ ಕಾರಣ. ಎರಡನೆಯದು ಹಬ್ಬಿದರೆ ಎತ್ತರದ ಊರುಗಳವರೂ ರಸ್ತೆಗಿಳಿದು, ನಿಜವಾಗಿ ಹೊರಡಬೇಕಾದವರ ದಾರಿ ಕಟ್ಟಿಹೋಗುತ್ತದೆ. ಗಾಬರಿ ಉಂಟುಮಾಡುವ ಸುಳ್ಳು ಎಚ್ಚರಿಕೆಯನ್ನು ಹರಡುವುದು ವಿಪತ್ತು ನಿರ್ವಹಣಾ ಅಧಿನಿಯಮದ ಕಲಂ 54ರಂತೆ ಒಂದು ವರ್ಷದವರೆಗಿನ ಕಾರಾವಾಸ ಅಥವಾ ದಂಡಕ್ಕೆ ಗುರಿಪಡಿಸಬಹುದಾದ ಅಪರಾಧ. ಕಣ್ಣಾರೆ ಕಂಡದ್ದನ್ನು ನಿಯಂತ್ರಣ ಕೊಠಡಿಗೆ ತಿಳಿಸಲು ಯಾರೂ ಹಿಂಜರಿಯಬೇಕಿಲ್ಲ.

ನಿಯಂತ್ರಣ ಕೊಠಡಿಗೆ ಮಾಹಿತಿ ನೀಡುವ ಕ್ರಮ

ಪ್ರಾಣಾಪಾಯವಿದ್ದಲ್ಲಿ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ರಾಜ್ಯ ನಿಯಂತ್ರಣ ಕೊಠಡಿಗೆ 1070, ತುಂಡಾದ ವಿದ್ಯುತ್ ತಂತಿಗಳ ಬಗ್ಗೆ 1912 ಸಂಖ್ಯೆಗೆ ಕರೆ ಮಾಡಬಹುದು. ಮೊಬೈಲ್‌ನಿಂದ 1077ಕ್ಕೆ ಕರೆ ಮಾಡುವಾಗ ಜಿಲ್ಲೆಯ ಎಸ್‌ಟಿಡಿ ಸಂಖ್ಯೆಯನ್ನು ಸೇರಿಸಬೇಕಾಗಬಹುದು. ಕರೆ ಮಾಡುವವರು ಊರಿನ ಹೆಸರಿನೊಂದಿಗೆ ತಾಲ್ಲೂಕು ಹಾಗೂ ಗ್ರಾಮ ಪಂಚಾಯತಿಯ ಹೆಸರನ್ನು ಮೊದಲು ಹೇಳತಕ್ಕದ್ದು. ಒಂದೇ ಹೆಸರಿನ ಊರುಗಳು ಒಂದೇ ಜಿಲ್ಲೆಯಲ್ಲಿ ಎರಡು ಮೂರು ಇರುವುದುಂಟು. ಸಿಲುಕಿರುವವರ ಸಂಖ್ಯೆ, ಅವರಲ್ಲಿ ಮಕ್ಕಳು ಹಾಗೂ ನಡೆಯಲಾರದವರು ಎಷ್ಟು, ಜಾನುವಾರುಗಳೆಷ್ಟು, ನೀರು ಏರುತ್ತಿದೆಯೇ ನಿಂತಿದೆಯೇ ಎಂಬುದನ್ನು ತಿಳಿಸಬೇಕು. ಜಾನುವಾರುಗಳ ವಿಷಯವನ್ನು ಜನ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಎಮ್ಮೆಗಳನ್ನು ಬಿಟ್ಟು ಬರುವುದಿಲ್ಲ ಎಂದು ಮನೆಯ ಹಿರಿಯರು ಹಿಂದೆ ಉಳಿದರೆ ದೋಣಿ ಮತ್ತೊಮ್ಮೆ ಹೋಗಬೇಕಾಗುತ್ತದೆ. ಮೊದಲೇ ಹೇಳಿದಲ್ಲಿ ಪಶುಸಂಗೋಪನಾ ಇಲಾಖೆಗೂ ಸುದ್ದಿ ಹೋಗುತ್ತದೆ.

ಕಾಳಜಿ ಕೇಂದ್ರಕ್ಕೆ ಬಂದವರು ಅಲ್ಲಿಯ ವಹಿಯಲ್ಲಿ ಕುಟುಂಬದ ಎಲ್ಲರ ಹೆಸರು ಬರೆಸಬೇಕು. ಸಂಬಂಧಿಕರ ಮನೆಗೆ ಹೋದವರು ಗ್ರಾಮ ಆಡಳಿತ ಅಧಿಕಾರಿಗೆ ಹಾಗೆಂದು ತಿಳಿಸಬೇಕು. ತಿಳಿಸದಿದ್ದಲ್ಲಿ ರಕ್ಷಣಾ ತಂಡವು ಖಾಲಿ ಮನೆಯನ್ನು ಹುಡುಕಿಕೊಂಡು ಹೋಗುವ ಸಂಭವವಿದೆ.

ಹಾನಿಯ ದಾಖಲೆ ಮತ್ತು ಪರಿಹಾರ

ಪ್ರವಾಹ ಇಳಿದ ಮೇಲೆ ಬರುವ ಬಹುಪಾಲು ದೂರುಗಳು ಮಾಹಿತಿಯ ಕೊಂಡಿ ತಪ್ಪಿದ್ದರಿಂದ ಹುಟ್ಟುವಂತಹವು. ಬೆಳೆ ಹಾನಿಯನ್ನು ಕಂದಾಯ, ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳು ಜಂಟಿಯಾಗಿ ಸಮೀಕ್ಷೆ ಮಾಡುತ್ತವೆ. ವಿವರಗಳನ್ನು ಪರಿಹಾರ ತಂತ್ರಾಂಶದಲ್ಲಿ ದಾಖಲಿಸಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹಣ ಜಮಾ ಮಾಡಲಾಗುತ್ತದೆ. 2022ರಿಂದ 2026ರವರೆಗಿನ ಅವಧಿಯ ಕೇಂದ್ರ ಮಾರ್ಗಸೂಚಿಯಂತೆ ಹಾನಿಯು ಶೇ. 33 ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಗರಿಷ್ಠ 2 ಹೆಕ್ಟೇರ್‌ಗೆ ಸಹಾಯಧನ ನಿಗದಿಯಾಗಿತ್ತು.

ಇಲ್ಲಿ ಕೊಂಡಿ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಪಹಣಿಯಲ್ಲಿ ತೀರಿಕೊಂಡ ತಂದೆ ಅಥವಾ ಅಜ್ಜನ ಹೆಸರೇ ಉಳಿದಿದ್ದರೆ ಉಳುಮೆ ಮಾಡುವವರ ಆಧಾರ್ ಅದರೊಂದಿಗೆ ಹೊಂದುವುದಿಲ್ಲ. ಪೌತಿ ಖಾತೆ ಮಾಡಿಸಿಕೊಳ್ಳದೆ ಇದು ಬಗೆಹರಿಯದು, ಪ್ರವಾಹ ಬಂದ ವಾರದಲ್ಲಿ ಅದನ್ನು ಮಾಡಿಸುವುದೂ ಆಗದು. ಬೆಳೆ ಸಮೀಕ್ಷೆಯಲ್ಲಿ ಕಬ್ಬಿನ ಬದಲು ಬೇರೆ ಬೆಳೆ ನಮೂದಾಗಿದ್ದರೆ ಲೆಕ್ಕವೂ ಅದರಂತೆಯೇ ಆಗುತ್ತದೆ. ಮೂರನೆಯದು ವಿಮೆ. ಗ್ರಾಮ ಆಡಳಿತ ಅಧಿಕಾರಿಯು ಹೊಲ ನೋಡಿ ಹೋದ ಮಾತ್ರಕ್ಕೆ ವಿಮಾ ಕಂಪನಿಗೆ ತಿಳಿಸಿದಂತಾಗುವುದಿಲ್ಲ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ವ್ಯಾಪ್ತಿಗೆ ಬರುವ ಸ್ಥಳೀಯ ವಿಪತ್ತುಗಳಲ್ಲಿ ರೈತರು 72 ಗಂಟೆಗಳೊಳಗೆ ಪ್ರತ್ಯೇಕವಾಗಿ ಸೂಚನೆ ನೀಡತಕ್ಕದ್ದು. ಸರ್ಕಾರದ ಪರಿಹಾರ ಮತ್ತು ವಿಮೆ ಎರಡು ಬೇರೆ ಬೇರೆ ಹಾದಿಗಳು; ಒಂದರ ಕಡತ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ಮನೆ ಹಾನಿಯನ್ನು ಎಂಜಿನಿಯರ್ ಒಳಗೊಂಡ ತಂಡ ಪರಿಶೀಲಿಸಿ, ಹಾನಿಯ ಪ್ರಮಾಣದಂತೆ ವರ್ಗೀಕರಿಸುತ್ತದೆ. 2019ರಲ್ಲಿ ಪೂರ್ಣ ಕುಸಿದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ವರ್ಗಗಳ ನಡುವಿನ ಅಂತರ ದೊಡ್ಡದಾದುದರಿಂದ, ತಂಡ ಬರುವವರೆಗೆ ಅವಶೇಷವನ್ನು ತೆರವುಗೊಳಿಸದಿರುವುದು, ಅನಿವಾರ್ಯವಾದಲ್ಲಿ ನಾಲ್ಕೂ ಬದಿಯಿಂದ ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ಮಣ್ಣಿನ ಗೋಡೆ ನೀರಿಳಿದ ಕೆಲವು ದಿನಗಳ ಮೇಲೆಯೂ ಬೀಳಬಹುದು. ಪರಿಶೀಲನೆಯ ನಂತರ ಬಿದ್ದ ಗೋಡೆಗೆ ಹೊಸದಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮಹಜರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಬರೆದದ್ದನ್ನು ಓದಿಸಿ ಕೇಳುವ ಹಕ್ಕು ಸಂತ್ರಸ್ತರಿಗಿದೆ. ಸುಳ್ಳು ಹೇಳಿ ಪರಿಹಾರ ಪಡೆಯುವುದು ಕಲಂ 52ರಂತೆ ಎರಡು ವರ್ಷದವರೆಗಿನ ಕಾರಾವಾಸ ಹಾಗೂ ದಂಡಕ್ಕೆ ಗುರಿಪಡಿಸುವ ಅಪರಾಧ. ಪರಿಹಾರ ನೀಡುವಲ್ಲಿ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ಭೇದ ಮಾಡುವುದನ್ನು ಕಲಂ 61 ನಿಷೇಧಿಸುತ್ತದೆ.

ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿಲ್ಲದವರು ಮೊದಲು ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಅರ್ಜಿಯಲ್ಲಿ ಸರ್ವೆ ನಂಬರ್ ಅಥವಾ ಮನೆಯ ಸಂಖ್ಯೆ, ಹಾನಿಯಾದ ದಿನಾಂಕ, ಸಮೀಕ್ಷೆಗೆ ಬಂದ ಅಧಿಕಾರಿಯ ಹುದ್ದೆ ಮತ್ತು ಬಂದ ದಿನಾಂಕವನ್ನು ನಮೂದಿಸಿದಲ್ಲಿ ಕಡತ ಹುಡುಕುವುದು ಸುಲಭವಾಗುತ್ತದೆ. ಸಮೀಕ್ಷಾ ವರದಿಯ ಪ್ರತಿ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ; ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾಗಿದ್ದರೆ 48 ಗಂಟೆ. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಾಗಿಲ್ಲದಿದ್ದಲ್ಲಿ, ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.